ಜಜಜಜನ ಚೀಲದಲ್ಲಿ ಉಳಿದ ಸೀಸೆ

ನೆಲಪೇಟೆ, ಆರನೆಯ ಓಣಿ, ವಿಜಯಪುರ
ಹಿರಿ ಮೇ ತಿಂಗಳ ಮೂವತ್ತೇಳನೆಯ ತಾರೀಖು, ೨೨೧೪

ಪೂಜ್ಯ ಸಂಗನಬಸವ ಮುತ್ತ್ಯಾನವರಿಗೆ ದಾನಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮಲ್ಲಿ ಮೇ ತಿಂಗಳು ಒಂದೇ, ಅದಕ್ಕೂ ಮೂವತ್ತೊಂದೇ ದಿನ ಎಂದು ಓದಿ ಬಲ್ಲೆ. ನಮ್ಮ ಬೇಸಿಗೆ ಅಷ್ಟರಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಕಿರಿ ಮೇ, ಹಿರಿ ಮೇ ಎಂದು ಎರಡು ಮಾಡಿಕೊಂಡಿದ್ದೇವೆ. ಆದಷ್ಟು ನಿಮ್ಮ ಕಾಲದ ಕನ್ನಡದಲ್ಲೇ ಬರೆಯಲು ಹೆಣಗಿದ್ದೇನೆ, ಆದರೂ ಕೆಲವು ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಇನ್ನೊಂದು ಇಕ್ಕಟ್ಟೂ ಇದೆ. ನೀವು ನನ್ನ ಮುತ್ತಜ್ಜನ ಅಜ್ಜ. ಆದರೆ ಈ ಪತ್ರ ತಲುಪುವ ಹೊತ್ತಿಗೆ ನಿಮಗೆ ಇಪ್ಪತ್ತೊಂದು ವರ್ಷ, ಬರೆಯುತ್ತಿರುವ ನನಗೆ ಐವತ್ತೆಂಟು. ಎದುರಿಗೆ ಸಿಕ್ಕಿದ್ದರೆ ನಿಮ್ಮ ಕಿವಿ ಹಿಂಡುತ್ತಿದ್ದೆನೋ ಏನೋ. ಪತ್ರದಲ್ಲಿ ಮಾತ್ರ ಮರ್ಯಾದೆ ಇರಲಿ.

ಇದು ನಿಮಗೆ ಹಿಂಟಪಾಲಿನಲ್ಲಿ ಬರುತ್ತಿದೆ. ಹಿಂಟಪಾಲು ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ಅದು ಮಾತನ್ನು ಬಿಟ್ಟು ಬೇರೇನನ್ನೂ ಒಯ್ಯುವುದಿಲ್ಲ, ಸ್ವಂತ ಹಿರಿಯರನ್ನು ಬಿಟ್ಟು ಯಾರಿಗೂ ತಲುಪುವುದಿಲ್ಲ, ಮತ್ತು ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಸಲ. ಜನ ಅದನ್ನು ಸತ್ತ ತಾಯಿಯ ಕ್ಷಮೆ ಕೇಳಲೋ, ಅಜ್ಜನಿಗೆ ಬೀಡಿ ಬಿಡು ಎನ್ನಲೋ ಬಳಸುತ್ತಾರೆ. ನಾನು ಮೂವತ್ತು ವರ್ಷದಿಂದ ನನ್ನ ಪಾಲಿನದನ್ನು ಮುಟ್ಟದೆ ಇಟ್ಟುಕೊಂಡಿದ್ದೆ. ಇದಕ್ಕಿಂತ ದೊಡ್ಡ ಕಾರಣ ಮುಂದೆ ಬಂದೀತು ಎಂದು. ಈ ಬುದ್ಧಿ ನಿಮ್ಮಿಂದಲೇ ಬಂದದ್ದು, ಅದನ್ನು ಆಮೇಲೆ ಹೇಳುತ್ತೇನೆ. ಇವತ್ತು ಮುಂಜಾನೆ ಕಚೇರಿಗೆ ಹೋಗಿ ಅರ್ಜಿ ಕೊಟ್ಟಾಗ ಅಲ್ಲಿನ ಹೆಣ್ಣುಮಗಳು ಕನ್ನಡಕ ಮೇಲೆತ್ತಿ, "ಒಂದ್ ಆಟದ ಸಲುವಾಗಿ ಬರಿಯಾಕತ್ತೀರೇನ್ರಿ ಅಮ್ಮಾರ?" ಎಂದಳು. ಹೌದು ಎಂದೆ. ನಾಚಿಕೆಯಾಯಿತು, ಆದರೂ ಹೌದೆಂದೆ.

ಯಾವ ಆಟವೆಂದು ನಿಮಗೆ ಬೇರೆ ಹೇಳಬೇಕಿಲ್ಲ. ನೀವು ನಿಮ್ಮ ಕೋಣೆಯ ಕಂಪ್ಯೂಟರಿನಲ್ಲಿ ಮೂರು ತಿಂಗಳಿಂದ ಆಡುತ್ತಿರುವ 'ಮಂಜಿನ ಮಂಡಲ'ದ ಮೊದಲನೆಯ ಭಾಗವೇ. ಅದು ಹನ್ನೊಂದು ಭಾಗಗಳಾಗಿ ಬೆಳೆದು ಇನ್ನೂ ಬದುಕಿದೆ ಎಂದರೆ ನೀವು ನಗಬಹುದು. ಬೆಳೆಯಲು ಕಾರಣ ನಮ್ಮ ಬಿಸಿಲು. ಬೆಳಿಗ್ಗೆ ಒಂಬತ್ತಕ್ಕೆ ಸೈರನ್ ಆದರೆ ಸಂಜೆ ಆರರವರೆಗೆ ಯಾರೂ ನೆಲದ ಮೇಲೆ ಕಾಲಿಡುವಂತಿಲ್ಲ. ಅದಕ್ಕೆ ಬಿಸಿಲುಬಂದಿ ಎನ್ನುತ್ತೇವೆ. ಮನೆಗಳೆಲ್ಲ ನೆಲದ ಕೆಳಗೆ, ಓಣಿಗಳೂ ಕೆಳಗೆ. ಪ್ರತಿ ಮನೆಯಲ್ಲಿ ಒಂದು ತಂಪುಗೋಡೆ, ಅಂದರೆ ಒಳಗೆ ಕೊಳವೆಯಲ್ಲಿ ತಣ್ಣೀರು ಹರಿಯುವ ಗೋಡೆ. ಅಡುಗೆ, ಓದು, ಜಗಳ ಎಲ್ಲವೂ ಅದಕ್ಕೆ ಬೆನ್ನು ಕೊಟ್ಟು ಕೂತೇ ನಡೆಯಬೇಕು. ಮುಂಜಾನೆಯೇ ಬಡಿದಿಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪಕ್ಕದಲ್ಲಿರುತ್ತವೆ. ಹೀಗೆ ಒಂಬತ್ತು ತಾಸು ಕೂತ ಜನಕ್ಕೆ ಆಟ ಊಟದಷ್ಟೇ ಅಗತ್ಯವಾಯಿತು. ಮುದುಕಿಯರು, ಮೇಷ್ಟರು, ಸ್ವಾಮಿಗಳು ಎಲ್ಲರೂ ಆಡುತ್ತಾರೆ. ಒಂದು ಭಾಗದ ವೀರ ಮುಂದಿನ ಭಾಗಕ್ಕೆ ಚೀಲಸಮೇತ ದಾಟುವುದರಿಂದ, ಮನೆತನಕ್ಕೊಂದು ಪಾತ್ರ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ಅದಕ್ಕೆ ಮನೆವೇಷ ಎಂದು ಹೆಸರು. ಮದುವೆಯ ಮಾತುಕತೆಯಲ್ಲಿ ಕೂಡ ಹುಡುಗನ ಕೆಲಸ ಕೇಳಿದ ಮೇಲೆ ಮನೆವೇಷ ಯಾವುದೆಂದು ಕೇಳುತ್ತಾರೆ.

ಬೇರೆಯವರ ಮನೆವೇಷಗಳಿಗೆ ರಣಧೀರ, ಮೇಘಮಲ್ಲ, ಸಿಡಿಲವ್ವ ಎಂದೆಲ್ಲ ಹೆಸರು. ನಮ್ಮದರ ಹೆಸರು ಜಜಜಜ. ಆಟ ಶುರುವಾಗುವಾಗ ಹೆಸರು ಕೇಳಿತು, ನಿಮಗೆ ಅವಸರ, ಒಂದೇ ಗುಂಡಿಯನ್ನು ನಾಲ್ಕು ಸಲ ಒತ್ತಿ ಮುಂದೆ ಹೋದಿರಿ. ಆಮೇಲೆ ಬದಲಿಸಲು ಬರಲಿಲ್ಲ. ನನ್ನ ಮದುವೆಯಲ್ಲಿ ಬೀಗರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಮುತ್ತ್ಯಾ, ಒಂದು ನಿಮಿಷ ಯೋಚಿಸಿದ್ದರೆ ಏನು ಗಂಟು ಹೋಗುತ್ತಿತ್ತು?

ಆಟದೊಳಗೆ ಒಂದು ದಿನಚರಿ ಇದೆ, ನಿಮಗೆ ಗೊತ್ತಿಲ್ಲದಿರಬಹುದು. ನೀವು ಮಾಡಿದ್ದೆಲ್ಲ, ಟೈಪಿಸಿದ್ದೆಲ್ಲ ಅದರಲ್ಲಿ ದಿನ, ಗಳಿಗೆಸಮೇತ ಉಳಿದಿದೆ. ಒಂಬತ್ತು ವರ್ಷದವಳಿದ್ದಾಗ ಅಜ್ಜಿ ಜಜಜಜನನ್ನು ನನ್ನ ಕೈಗಿಟ್ಟಳು. ಅಂದಿನಿಂದ ಅದನ್ನು ಓದುತ್ತ ಬಂದಿದ್ದೇನೆ. ನಿಮ್ಮ ತಾಯಿಗಿಂತ ನಿಮ್ಮನ್ನು ನಾನು ಹೆಚ್ಚು ಬಲ್ಲೆ. ಸತ್ತರೂ ಲೆಕ್ಕಕ್ಕಿಲ್ಲದ ಕಲಿಕೆಯ ಬಯಲಿನಲ್ಲಿ, ಮೊದಲನೆಯ ತೋಳದ ಕೈಯಲ್ಲಿ ಹತ್ತೊಂಬತ್ತು ಸಲ ಸತ್ತಿರಿ. ಕುದುರೆ ಸಿಕ್ಕ ದಿನ ಖುಷಿಯಲ್ಲಿ ಅದನ್ನು ಬಂಡೆಯ ತುದಿಯಿಂದ ಹಾರಿಸಿ ಕೊಂದು, ಆಮೇಲೆ ಮೂರು ದಿನ ಆಟ ತೆರೆಯಲಿಲ್ಲ. ಊರು ಉಳಿಸುವ ಕೆಲಸ ಬಿಟ್ಟು ಕಾಡಿನಲ್ಲಿ ಅಣಬೆ ಆರಿಸುತ್ತ ಇಡೀ ಒಂದು ಭಾನುವಾರ ಕಳೆದಿರಿ. ಪರೀಕ್ಷೆಯ ಹಿಂದಿನ ದಿನ ಮಂಜುಗುಡ್ಡದ ನೆತ್ತಿ ಹತ್ತಿ, ಏನೂ ಮಾಡದೆ, ಸುಮ್ಮನೆ ಇಪ್ಪತ್ತು ನಿಮಿಷ ನಿಂತಿದ್ದಿರಿ. ಅಲ್ಲಿ ನಾನೂ ನಿಂತಿದ್ದೇನೆ. ನೆಲದ ಕೆಳಗೆ ಬದುಕುವ ನಮಗೆ ಹಿಮ, ಗಾಳಿ, ದೂರದವರೆಗೆ ಕಾಣುವ ಬಯಲು ಎಲ್ಲವೂ ಸಿಕ್ಕಿದ್ದು ಅಲ್ಲೇ. ನಿಮಗೆ ನಾನು ಋಣಿ. ಇದನ್ನು ಮೊದಲು ಹೇಳದೆ ಬೈಯುವುದು ಸರಿಯಲ್ಲ.

ಈಗ ಸೀಸೆಯ ಮಾತು. ಮೊದಲ ಭಾಗದ ಮುದಿ ವೈದ್ಯ ನಿಮಗೊಂದು ಹಸಿರು ಸೀಸೆ ಕೊಟ್ಟನಲ್ಲ, ಕಾಳಗದಲ್ಲಿ ಬಿದ್ದ ಜೊತೆಗಾರನನ್ನು ಎಬ್ಬಿಸುವುದು? ಒಂದೊಂದು ಭಾಗದಲ್ಲಿ ಅಂಥದ್ದು ಒಂದೇ ಸಿಗುತ್ತದೆ. ನೀವು ಅದನ್ನು ಬಳಸಲಿಲ್ಲ. ನಿಮ್ಮನ್ನು ನೋಡಿ ನಿಮ್ಮ ಮಗಳು ಬಳಸಲಿಲ್ಲ. ಆಮೇಲೆ ಅದು ನಮ್ಮ ಮನೆಯ ವಾಡಿಕೆಯೇ ಆಯಿತು: ಸೀಸೆ ಮುಟ್ಟಬಾರದು, ಮುಂದೆ ಬೇಕಾದೀತು. ಹಬ್ಬದ ಸೀರೆ ಪೆಟ್ಟಿಗೆಯಲ್ಲೇ ಹಳದಿಯಾದ ಹಾಗೆ ಹನ್ನೊಂದು ಭಾಗದ ಹನ್ನೊಂದು ಸೀಸೆ ಜಜಜಜನ ಚೀಲದಲ್ಲಿ ಕೂತವು. ಪ್ರತಿ ಸೀಸೆಯ ಕೊರಳಲ್ಲಿ ಅದು ಯಾವ ಭಾಗದ್ದೆಂಬ ಗುರುತಿದೆ. ಅಜ್ಜಿ ನೆಂಟರನ್ನು ಕೂಡಿಸಿ ಚೀಲ ಬಿಚ್ಚಿ ತೋರಿಸುತ್ತಿದ್ದಳು, ನಾವು ಹೆಮ್ಮೆಯಿಂದ ಬೀಗುತ್ತಿದ್ದೆವು.

ನನಗೊಬ್ಬ ಅಕ್ಕ ಇದ್ದಾಳೆ, ನಿಂಬವ್ವ. ಚಿಕ್ಕಂದಿನಿಂದ ನಾವಿಬ್ಬರೂ ಜೋಡಿಯಾಟ ಆಡಿದವರು: ನಾನು ಜಜಜಜ, ಅವಳು ಕಾಡಮ್ಮ. ಕಾಡಮ್ಮ ಎಂದರೆ ಅಜ್ಜಿ ಏಳನೆಯ ಭಾಗದಲ್ಲಿ ಹುಟ್ಟಿಸಿ ಅಕ್ಕನಿಗೆ ಬಿಟ್ಟುಹೋದ ವೈದ್ಯೆ. ತನ್ನ ಪ್ರಾಣವನ್ನೇ ಹಂಚಿ ಜೊತೆಗಾರರ ಗಾಯ ಮಾಯಿಸುವುದು ಅವಳ ವಿದ್ಯೆ. ನಾಲ್ಕು ವರ್ಷದ ಹಿಂದೆ ಹನ್ನೊಂದನೆಯ ಭಾಗದ ಕಲ್ಲುಸೇತುವೆಯ ಮೇಲೆ ಒಂದು ಭೂತ ನಮ್ಮನ್ನು ತಡೆಯಿತು. ಮೂರು ಸಲ ನೆಲ ತುಳಿದು, ಆಮೇಲೆ ತೋಳು ಬೀಸುವ ಭೂತ. ನಾನು ಮೈಮರೆತು ಮುಂದೆ ನುಗ್ಗಿದೆ, ಪೆಟ್ಟು ತಿಂದೆ. ಅಕ್ಕ ನನ್ನನ್ನು ಮಾಯಿಸುತ್ತ ಮಾಯಿಸುತ್ತ ತಾನೇ ಬಿದ್ದಳು. ಬಿದ್ದವರು ಆ ಕಾಳಗ ಮುಗಿಯುವುದರೊಳಗೆ ಏಳದಿದ್ದರೆ ಶಾಶ್ವತವಾಗಿ ಹೋದಂತೆ.

"ದಾನವ್ವಾ, ಒಂದ್ ಸೀಸಿ ಹಾಕ. ಹನ್ನೊಂದ್ ಅದಾವು," ಎಂದಳು ಅಕ್ಕ, ನನ್ನ ಪಕ್ಕದಲ್ಲೇ ತಂಪುಗೋಡೆಗೆ ಒರಗಿ ಕೂತು.

ನನ್ನ ಬಾಯಿಂದ ಬಂದದ್ದು, "ತಡಿಯಕ್ಕಾ, ಮುಂದ ಇದಕ್ಕಿಂತ ದೊಡ್ಡದು ಬಂದ್ರ?"

"ನನಗಿಂತ ದೊಡ್ಡದು ಯಾವ್ದ್ ಬರ್ತೈತಿ ನಿನಗ?"

ಕೈ ಬರಲಿಲ್ಲ, ಮುತ್ತ್ಯಾ. ಹಾಕಬೇಕೆಂದು ಗೊತ್ತಿತ್ತು. ಬೆರಳು ಮಾತ್ರ ಏಳಲಿಲ್ಲ. ತಡೆಗಲ್ಲು ಇಟ್ಟೆ. ಅದನ್ನು ಇಟ್ಟರೆ ಆಟ ಇದ್ದಲ್ಲೇ ನಿಲ್ಲುತ್ತದೆ, ಇಬ್ಬರೂ ಒಟ್ಟಿಗೆ ಅಂಗೈ ಒತ್ತುವ ತನಕ ಮುಂದುವರಿಯುವುದಿಲ್ಲ. ಸ್ವಲ್ಪ ಯೋಚಿಸೋಣ ಎಂದೆ. ಅಕ್ಕ ಎದ್ದು, ಚಪ್ಪಲಿ ಮೆಟ್ಟಿ ಹೋದಳು. ಅವಳ ಮನೆ ನಮ್ಮ ಓಣಿಯಲ್ಲೇ, ಎದುರು ಬಾಗಿಲು. ನೀರಿನ ಕಟ್ಟೆಯ ಹತ್ತಿರ ದಿನಾ ಎದುರಾಗುತ್ತೇವೆ. ಅವಳು ಕೊಡದ ಬಾಯಿ ನೋಡುತ್ತಾಳೆ, ನಾನು ಗೋಡೆ ನೋಡುತ್ತೇನೆ. ನಾಲ್ಕು ವರ್ಷದಿಂದ ಜಜಜಜ ಆ ಸೇತುವೆಯ ಮೇಲೆ ಒಂದು ಕಾಲು ಎತ್ತಿ ನಿಂತಿದ್ದಾನೆ, ಕಾಡಮ್ಮ ಅವನ ಪಾದದ ಹತ್ತಿರ ಬಿದ್ದಿದ್ದಾಳೆ. ದಿನವೂ ಒಂಬತ್ತು ತಾಸು ನಾನು ಆ ಚಿತ್ರದ ಎದುರು ಕೂತು ಏಳುತ್ತೇನೆ, ಮತ್ತೆ ಕೂರುತ್ತೇನೆ. ರೊಟ್ಟಿ ರುಚಿಸುವುದಿಲ್ಲ. ಓದಲು ಹಿಡಿದ ಪುಸ್ತಕ ಮೂರನೆಯ ಪುಟ ದಾಟುವುದಿಲ್ಲ. ಈ ಪತ್ರ ಬರೆಯಲು ಕೂತ ಮೇಲೂ ಐದು ಸಲ ಎದ್ದಾಯಿತು.

ಹೋದ ವಾರ ಪ್ರಕಟಣೆ ಬಂತು. ಹನ್ನೆರಡನೆಯದೇ ಕೊನೆಯ ಭಾಗವಂತೆ. ಅದಕ್ಕೆ ವೀರರು ಬರಿಗೈಯಲ್ಲಿ ದಾಟಬೇಕು. ನಾಳೆ ಸಂಜೆ ಎಲ್ಲರ ಚೀಲ ಬರಿದಾಗುತ್ತದೆ, ಅರ್ಧಕ್ಕೆ ನಿಂತ ಕಾಳಗಗಳು ಸೋತಂತೆ ಲೆಕ್ಕ. ಅಂದರೆ ನಾಳೆಯ ಹೊತ್ತಿಗೆ ಹನ್ನೊಂದು ಸೀಸೆಯೂ ಇಲ್ಲ, ಕಾಡಮ್ಮನೂ ಇಲ್ಲ. ಕೇಳಿದ ಕ್ಷಣ ನಗು ಬಂತು.

ಎದುರು ಬಾಗಿಲು ಬಡಿಯಬೇಕಾದವಳು ನಾನು ದಿನಚರಿ ತೆರೆದು ನಿಮ್ಮ ಪುಟಗಳನ್ನು ಹುಡುಕಿದೆ. ಈ ಬುದ್ಧಿ ಎಲ್ಲಿಂದ ಶುರುವಾಯಿತು ಎಂದು ತಿಳಿದರೆ ತಪ್ಪು ನಿಮ್ಮ ತಲೆಗೆ ಕಟ್ಟಬಹುದಲ್ಲ. ಚಿಕ್ಕಂದಿನಲ್ಲಿ ನಾನು ಹಾರಿಸಿ ಓದಿದ್ದ ಪುಟ ಸಿಕ್ಕಿತು. ನೀವೂ ಜೋಡಿಯಾಟ ಆಡುತ್ತಿದ್ದಿರಿ. ನೀವು ನಿಮ್ಮ ಮನೆಯಲ್ಲಿ, ಗೆಳೆಯ ತೌಸೀಫ್ ಅವನ ಮನೆಯಲ್ಲಿ. ತೋಳ ನಿಮ್ಮನ್ನು ಕೊಂದಾಗಲೆಲ್ಲ ನಗುತ್ತಿದ್ದವನು ಅವನೇ, ಕುದುರೆ ಸತ್ತಾಗ ತನ್ನ ಕುದುರೆ ಕೊಟ್ಟವನೂ ಅವನೇ. ಒಂದು ಶನಿವಾರ ಮಧ್ಯಾಹ್ನ ನಾಲ್ಕು ಗಂಟೆಗೆ ನೀವಿಬ್ಬರೂ ಕರಿಗವಿಯಲ್ಲಿ ಹಾವಿನ ರಾಣಿಯ ಎದುರು ಇದ್ದೀರಿ. ತೌಸೀಫ್ ಬೀಳುತ್ತಾನೆ. ಆಗ ನೀವಿಬ್ಬರೂ ಟೈಪಿಸಿದ್ದು ಹಾಗೇ ಇದೆ.

"ಸಂಗ್ಯಾ, ಸೀಸಿ ಹಾಕೋ."

"ತಡಿಯೋ, ಮುಂದ ಬೇಕಾಗ್ತೈತಿ."

"ಮುಂದಂದ್ರ ಯಾವಾಗೋ? ಮೂರ್ ತಿಂಗಳ ಆಡೇನಿ ಇದನ್ನ."

"ಹೊಸಾದ್ ಮಾಡ್ಕೊ ಬಿಡೋ, ಏನಾತೀಗ."

"ಆತ್ ಬಿಡು."

ಅಷ್ಟೇ. ಮುಂದೆ ಎಲ್ಲಿಯೂ ತೌಸೀಫನ ಹೆಸರಿಲ್ಲ. ಆದರೆ ನಿಮ್ಮದು ಇದೆ. ಮಾರನೆಯ ದಿನದಿಂದ ನಲವತ್ತು ದಿನ, ಪ್ರತಿ ಸಂಜೆ, ಜೋಡಿಯಾಟದ ಬಾಗಿಲು ತೆರೆದು, ಹನ್ನೊಂದು ನಿಮಿಷ ಕಾದು, ಮುಚ್ಚಿದ್ದೀರಿ. ನಲವತ್ತೊಂದನೆಯ ದಿನದಿಂದ ಒಬ್ಬರೇ ಆಡಿದ್ದೀರಿ, ಕೊನೆಯವರೆಗೂ. ತಪ್ಪು ನಿಮ್ಮ ತಲೆಗೆ ಕಟ್ಟಲು ಹೋದವಳು ಅಳುತ್ತ ಕೂತೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ಹೋಗಿದ್ದೆ. ಈಗ ಮತ್ತೆ ಕೂತಿದ್ದೇನೆ, ನಡುವೆ ನಾಲ್ಕು ತಾಸು ಕಳೆದಿವೆ.

ನಾನು ಎದುರು ಬಾಗಿಲು ಬಡಿದೆ. ಅಕ್ಕ ತೆರೆದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಒಂದ್ ಬಾಗಿಲಾ ಬಡಿಯಾಕ ನಾಕ್ ವರ್ಷ ಬೇಕಾತೇನ ನಿನಗ?" ಎಂದಳು. ಅಕ್ಕ, ಬಾ, ಸೀಸೆ ಹಾಕುತ್ತೇನೆ ಎಂದೆ. ನಾಳೆ ಚೀಲ ಬರಿದಾಗುವ ಸುದ್ದಿ ಅವಳಿಗೂ ಗೊತ್ತಿತ್ತು. "ಈಗ ಹಾಕ್ತಿ. ಹೆಂಗೂ ಹೊಕ್ಕಾವಂತ ಹಾಕ್ತಿ," ಎಂದಳು. ಅವಳು ಹೇಳಿದ್ದು ನಿಜ. ತಲೆ ತಗ್ಗಿಸಿ ನಿಂತೆ. ಅವಳು ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ನನ್ನ ಹಿಂದೆಯೇ ಬಂದಳು.

ಇಬ್ಬರೂ ಅಂಗೈ ಒತ್ತಿದೆವು. ನಾಲ್ಕು ವರ್ಷ ಎತ್ತಿದ್ದ ಕಾಲನ್ನು ಜಜಜಜ ಕೆಳಗಿಟ್ಟ. ನಾನು ಚೀಲದಲ್ಲಿ ಕೈಗೆ ಸಿಕ್ಕ ಒಂದು ಸೀಸೆಯ ಮುಚ್ಚಳ ತೆಗೆದೆ. ಮುತ್ತ್ಯಾ, ಸೀಸೆ ತೆರೆದರೆ ಒಂದು ಸದ್ದು ಬರುತ್ತದೆ, ಯಾರೋ ಪಕ್ಕದ ಕೋಣೆಯಲ್ಲಿ ಮೆಲ್ಲಗೆ ನಕ್ಕ ಹಾಗೆ. ಐದು ತಲೆಮಾರಿನಲ್ಲಿ ನಮ್ಮ ಮನೆಯ ಯಾರೂ ಅದನ್ನು ಕೇಳಿರಲಿಲ್ಲ. ಕಾಡಮ್ಮ ಎದ್ದು ನಿಂತಳು. ಅಕ್ಕ ಕಣ್ಣು ಒರೆಸಿಕೊಂಡಳು. ಒಂದೇ ನಿಮಿಷಕ್ಕೆ ಭೂತ ಮತ್ತೆ ಅವಳನ್ನು ಕೆಡವಿತು.

ನಾವಿಬ್ಬರೂ ಆಟ ಮರೆತಿದ್ದೆವು. ಎರಡು ಸಲ ತುಳಿಯುವುದೋ ಮೂರು ಸಲವೋ ಎಂದು ನಾನು ಹಿಂಜರಿಯುವಷ್ಟರಲ್ಲಿ ತೋಳು ಬೀಸಿ ಬರುತ್ತಿತ್ತು. ಇನ್ನೊಂದು ಸೀಸೆ ತೆಗೆದೆ. ಇದು ಅಪ್ಪನದು ಎಂದು ಕೊರಳಿನ ಗುರುತು ನೋಡಿ ಹೇಳಿದೆ. "ಅಪ್ಪಂದ ಇರಲಿ ಅಜ್ಜಂದ ಇರಲಿ, ಹಾಕ," ಎಂದಳು ಅಕ್ಕ. ಐದನೆಯ ಸೀಸೆಯ ಹೊತ್ತಿಗೆ ನಗಲು ಶುರು ಮಾಡಿದ್ದೆವು. ಏಳನೆಯದು ಅಜ್ಜಿಯದು, ನೆಂಟರಿಗೆ ತೋರಿಸಿ ಮೆರೆದಿದ್ದ ಅದನ್ನು ತೆರೆದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಂಟಕ್ಕೆ ಕೈ ಪಳಗಿತು. ಹತ್ತನೆಯದಕ್ಕೆ ಭೂತ ಮಂಡಿಯೂರಿತು, ಅದರ ಪ್ರಾಣ ಒಂದು ಎಳೆಯಷ್ಟೇ ಉಳಿದಿದೆ. ಒಂದು ಪೆಟ್ಟು ಸಾಕು. ಆ ಪೆಟ್ಟಿಗೆ ನಾನು ಕತ್ತಿ ಎತ್ತುವಷ್ಟರಲ್ಲಿ ಅದು ಕಡೆಯ ಸಲ ತೋಳು ಬೀಸಿತು. ಕಾಡಮ್ಮ ಓಡಿ ಬಂದು ಅಡ್ಡ ನಿಂತು ಬಿದ್ದಳು. ಈಗ ನಾನು ಹೊಡೆದರೆ ಕಾಳಗ ಮುಗಿಯುತ್ತದೆ, ಬಿದ್ದ ಕಾಡಮ್ಮ ಇಲ್ಲವಾಗುತ್ತಾಳೆ. ಮೊದಲು ಅವಳನ್ನು ಎಬ್ಬಿಸಬೇಕು. ಚೀಲ ನೋಡಿದೆ. ಒಂದೇ ಸೀಸೆ ಉಳಿದಿತ್ತು, ಕೊರಳಲ್ಲಿ ಮೊದಲನೆಯ ಭಾಗದ ಗುರುತು. ನಿಮ್ಮದು.

ಮತ್ತೆ ತಡೆಗಲ್ಲು ಇಟ್ಟೆ. ಅಕ್ಕನ ಮುಖ ಕಪ್ಪಿಟ್ಟಿತು. ಅವಳು ಏನೆಂದುಕೊಂಡಳೋ ನನಗೆ ಗೊತ್ತು. ಅದಲ್ಲಕ್ಕಾ ಎಂದು ಈ ಪತ್ರವನ್ನು ಅವಳ ಕೈಗಿಟ್ಟೆ. ಓದಿದಳು. ನಿಧಾನಕ್ಕೆ, ಬೆರಳಿಟ್ಟು ಓದಿದಳು. ಆಮೇಲೆ ದಿನಚರಿ ತೆಗೆಸಿ ಆ ನಲವತ್ತು ದಿನಗಳನ್ನೂ ಒಂದೊಂದಾಗಿ ನೋಡಿದಳು. ಹನ್ನೊಂದು ನಿಮಿಷ, ಹನ್ನೊಂದು ನಿಮಿಷ, ಹನ್ನೊಂದು ನಿಮಿಷ.

ಹಿಂಟಪಾಲಿನವರು ಈ ಪತ್ರವನ್ನು ಆ ಶನಿವಾರ ಬೆಳಿಗ್ಗೆಯೇ ತಲುಪಿಸುತ್ತಾರೆ. ಆಟದಲ್ಲಿ ನೀವು ತಂಗುವ ಛತ್ರದ ಮರದ ಪೆಟ್ಟಿಗೆಯಲ್ಲಿ ಇದು ಸಿಗುತ್ತದೆ. ಅಂದರೆ ನೀವಿನ್ನೂ ಕರಿಗವಿಗೆ ಇಳಿದಿಲ್ಲ, ತೌಸೀಫ್ ಇನ್ನೂ ಬಿದ್ದಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಬೀಳುತ್ತಾನೆ. ಸೀಸೆ ಒಂದೇ. ನೀವು ಅಲ್ಲಿ ಅದನ್ನು ತೆರೆದರೆ ಇಲ್ಲಿ ನಮ್ಮ ಚೀಲದಿಂದ ಮಾಯವಾಗುತ್ತದೆ ಎನ್ನುತ್ತಾರೆ. ಹಾಗಾದರೆ ಕಾಡಮ್ಮ ಏಳುವುದಿಲ್ಲ. ನಾವು ಇಲ್ಲಿ ಬಳಸಿಬಿಟ್ಟರೆ ನಿಮ್ಮ ನಲವತ್ತು ಸಂಜೆಗಳು ಹಾಗೆಯೇ ಉಳಿಯುತ್ತವೆ. ಏನು ಮಾಡಬೇಕೆಂದು ನನಗೆ ತೋಚಲಿಲ್ಲ. ಕಾಡಮ್ಮ ಅಕ್ಕನವಳು, ನಾನು ನಿರ್ಧರಿಸುವ ಮಾತಲ್ಲ. ನಾಲ್ಕು ವರ್ಷ ನಾನು ನಿರ್ಧರಿಸಿದ್ದು ಸಾಕು.

ಅಕ್ಕ ಪತ್ರ ನನ್ನ ಮುಂದೆ ತಳ್ಳಿ, "ಮುತ್ತ್ಯಾಗ ಬರಿ. ಆ ಹುಡುಗಗ ಹಾಕಂತ ಬರಿ. ನನ್ನ ಸಲುವಾಗಿ ಹತ್ತ್ ಹಾಕೀಯಲ್ಲ, ಮುಗೀತು," ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಮುತ್ತ್ಯಾ, ಅವನು ಕೇಳುವ ತನಕ ಕಾಯಬೇಡಿ. ಬಿದ್ದ ಕೂಡಲೇ ಹಾಕಿ. ಮುಂದೆ ಇದಕ್ಕಿಂತ ದೊಡ್ಡ ಕಾಳಗ ಬರುತ್ತದೆಯೇ ಎಂದರೆ ಬರುತ್ತದೆ, ಹನ್ನೊಂದು ಭಾಗದ ತುಂಬ ಅವೇ ಇವೆ, ನಾನು ನೋಡಿದ್ದೇನೆ. ಆದರೂ ಹಾಕಿ.

ಪತ್ರ ಈಗ ಕಳಿಸುತ್ತೇವೆ. ಸೀಸೆ ಇನ್ನೂ ಚೀಲದಲ್ಲೇ ಇದೆ. ಅಕ್ಕ ನನ್ನ ಭುಜಕ್ಕೆ ಒರಗಿ ಅದನ್ನೇ ನೋಡುತ್ತಿದ್ದಾಳೆ. ಅದು ಮಾಯವಾಗಲಿ ಎಂದು ಇಬ್ಬರೂ ಕಾಯುತ್ತೇವೆ.

ಇಂತಿ ನಿಮ್ಮ,
ದಾನಮ್ಮ, ನಿಂಬವ್ವ